ಬಳ್ಳಾರಿಯಲ್ಲಿ ಹೆಣ ಎದ್ದರೆ: ಹೊಸಬರಿಗೆ ಝಾಂಬಿ ಆಟ ನಡೆಸೋದು ಹೇಗೆ?

ಪ್ರಶ್ನೆ: ನಾನು ಬಳ್ಳಾರಿಯವಳು, ಎಂಜಿನಿಯರಿಂಗ್ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಗೆಳತಿಯರ ಜೊತೆ ಎರಡು ಸಲ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಆಡಿದ್ದೇನೆ. ಒಬ್ಬರು ಕತೆ ಹೇಳುತ್ತಾ ಆಟ ನಡೆಸೋದು, ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆ ಅಂತ ಹೇಳಿ ದಾಳ ಹಾಕೋದು, ಆ ಥರದ ಆಟ. ಈ ಬೇಸಿಗೆ ರಜೆಗೆ ಮನೆಯಲ್ಲಿ ನಾನೇ ಒಂದು ಝಾಂಬಿ ಆಟ ನಡೆಸಬೇಕು ಅಂತ ಆಸೆ. ಆಡೋರು ಐದು ಜನ: ಅಣ್ಣ, ಅತ್ತಿಗೆ, ಸಿರುಗುಪ್ಪದಿಂದ ಬರೋ ಸೋದರಮಾವನ ಮಕ್ಕಳಿಬ್ಬರು, ಜೊತೆಗೆ ನಮ್ಮ ಅಕ್ಕನ 12 ವರ್ಷದ ಮಗ. ಯಾರಿಗೂ ಇಂಥ ಆಟ ಗೊತ್ತಿಲ್ಲ. ನನ್ನ ಹತ್ತಿರ ಇರೋ ನಿಯಮದ ಪುಸ್ತಕ 200 ಪುಟಕ್ಕಿಂತ ಜಾಸ್ತಿ ಇದೆ, ಇಂಗ್ಲಿಷ್‌ನಲ್ಲಿದೆ. ಅಣ್ಣ ಎಲ್ಲವನ್ನೂ ಹೊಡೆದು ಮುಗಿಸೋಕೆ ನೋಡುತ್ತಾನೆ. ಅತ್ತಿಗೆ ನಾಲ್ಕು ಜನರ ಮುಂದೆ ಬಾಯಿ ಬಿಡೋದಿಲ್ಲ. ಎಲ್ಲಿಂದ ಶುರು ಮಾಡಲಿ? ಪಾತ್ರ ಸತ್ತಾಗ ಹುಡುಗ ಅತ್ತುಬಿಟ್ಟರೆ ಏನು ಮಾಡಲಿ?

ಉತ್ತರ: ಮೊದಲು ಆ ಪುಸ್ತಕ ಮುಚ್ಚಿಡಿ. ಓದಬೇಡಿ ಅಂತಲ್ಲ. ಆಡೋ ದಿನ ಅದು ಯಾರ ಕಣ್ಣಿಗೂ ಬೀಳಬಾರದು, ಅಷ್ಟೇ.

ನಾನು ಮೊದಲ ಸಲ ಆಟ ನಡೆಸಿದ್ದು ಗಾಂಧಿನಗರದಲ್ಲಿ ಒಬ್ಬ ಗೆಳೆಯನ ಮನೆಯ ಮಾಳಿಗೆ ಮೇಲೆ. ಒಂದೂವರೆ ತಾಸು ನಿಯಮ ಹೇಳಿದೆ. ಯಾವ ದಾಳ ಯಾವಾಗ ಹಾಕಬೇಕು, ಗುಂಡು ತಾಗಿದರೆ ಎಷ್ಟು ಕಳೆಯಬೇಕು, ಓಡೋದಕ್ಕೆ ಎಷ್ಟು, ನಡೆಯೋದಕ್ಕೆ ಎಷ್ಟು. ಒಬ್ಬ ಮಿರ್ಚಿ ತರುತ್ತೇನೆ ಅಂತ ಎದ್ದು ಹೋದವನು ಆವತ್ತು ವಾಪಸ್ ಬರಲೇ ಇಲ್ಲ. ಮೊದಲ ಝಾಂಬಿ ಬರೋ ಹೊತ್ತಿಗೆ ನನ್ನ ಮುಂದೆ ಇದ್ದವರು ಇಬ್ಬರು. ಅವರಲ್ಲಿ ಒಬ್ಬ ಮೊಬೈಲ್ ನೋಡುತ್ತಿದ್ದ.

ಆವತ್ತು ನಾನು ಮಾಡಿದ ಇನ್ನೊಂದು ತಪ್ಪು, ಕತೆಯನ್ನು ಅಮೆರಿಕದ ಯಾವುದೋ ಊರಿನಲ್ಲಿ ಇಟ್ಟಿದ್ದು. ಹೊಸಬರಿಗೆ ಕಷ್ಟ ಆಗೋದು ನಿಯಮದಿಂದ ಮಾತ್ರ ಅಲ್ಲ. ಆ ಜಾಗದಲ್ಲಿ ಏನೇನಿದೆ, ಏನು ಮಾಡಬಹುದು ಅಂತ ಗೊತ್ತಾಗದೆ ಅವರು ನಿಂತುಬಿಡುತ್ತಾರೆ. ‘ನೀವು ಒಂದು ಸೂಪರ್ ಮಾರ್ಕೆಟ್‌ನಲ್ಲಿದ್ದೀರಿ, ಏನು ಮಾಡುತ್ತೀರಿ?’ ಅಂದರೆ ನಿಮ್ಮ ಮುಖ ನೋಡುತ್ತಾರೆ. ‘ಕೌಲ್ ಬಜಾರಿನಲ್ಲಿದ್ದೀರಿ, ರಾಯಲ್ ಸರ್ಕಲ್ ಕಡೆ ಹೋಗೋ ರಸ್ತೆ ಬಂದ್ ಆಗಿದೆ’ ಅಂದು ನೋಡಿ. ಐದು ಜನ ಐದು ಸಂದಿ ಹೇಳುತ್ತಾರೆ. ಹಾರ್ಡ್‌ವೇರ್ ಅಂಗಡಿ ಎಲ್ಲಿದೆ, ಯಾರ ಮನೆ ಮೇಲೆ ದೊಡ್ಡ ಸಿಂಟೆಕ್ಸ್ ಇದೆ, ಯಾವ ಓಣಿಯಲ್ಲಿ ನಾಯಿ ಜಾಸ್ತಿ, ಎಲ್ಲ ಅವರಿಗೇ ಗೊತ್ತು. ನಕ್ಷೆ ಅವರ ತಲೆಯಲ್ಲೇ ಇದೆ. ಹಾಗಾಗಿ ನಿಮ್ಮ ಆಟ ಬಳ್ಳಾರಿಯಲ್ಲೇ ನಡೆಯಲಿ.

ನಮ್ಮ ಕೋಟೆ ಗುಡ್ಡವಂತೂ ಈ ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೇಲಿನ ಕೋಟೆಗೆ ಹತ್ತೋ ದಾರಿ ಒಂದೇ, ಅದೂ ಬಂಡೆಗಳ ನಡುವೆ ಸುತ್ತಿಕೊಂಡು ಹೋಗುತ್ತದೆ. ಮೇಲೆ ಬಂಡೆಯ ಸೀಳುಗಳಲ್ಲಿ ಮಳೆ ನೀರು ಹಿಡಿದಿಟ್ಟುಕೊಳ್ಳೋ ಹೊಂಡಗಳಿವೆ. ನಾನು ಎಷ್ಟು ಸಲ ಈ ಆಟ ನಡೆಸಿದ್ದೇನೋ ಅಷ್ಟು ಸಲವೂ ಜನ ಮೊದಲ ತಾಸಿನಲ್ಲೇ ‘ಗುಡ್ಡಕ್ಕೆ ಹೋಗೋಣ’ ಅಂದಿದ್ದಾರೆ. ತಡೆಯಬೇಡಿ, ಹೋಗಲಿ. ಹತ್ತಿದ ಮೇಲೆ ಅವರಿಗೇ ಹೊಳೆಯುತ್ತದೆ: ಹತ್ತಲು ಒಂದೇ ದಾರಿ ಅಂದರೆ ಇಳಿಯಲೂ ಒಂದೇ ದಾರಿ. ಹೊಂಡದ ನೀರು ಹಸಿರು. ಕುದಿಸಬೇಕು ಅಂದರೆ ಬೆಂಕಿ ಬೇಕು, ಬೆಂಕಿ ಹಚ್ಚಿದರೆ ಊರಿಗೆಲ್ಲ ಕಾಣುತ್ತದೆ.

ಎದುರಿಗೆ ಕುಂಬಾರ ಗುಡ್ಡ ಇದೆಯಲ್ಲ, ಒಂದು ಕಡೆಯಿಂದ ಮುಖದ ಹಾಗೆ ಕಾಣೋದು? ಹೈದರ್ ಅಲಿ ಒಬ್ಬ ಫ್ರೆಂಚ್ ಎಂಜಿನಿಯರನಿಂದ ಕೆಳಗಿನ ಕೋಟೆ ಕಟ್ಟಿಸಿದ. ಆಮೇಲೆ ನೋಡಿದರೆ ಕುಂಬಾರ ಗುಡ್ಡವೇ ಎತ್ತರ, ಅಲ್ಲಿಂದ ಕೋಟೆಯ ಒಳಗೆಲ್ಲ ಕಾಣುತ್ತದೆ. ಸಿಟ್ಟಿಗೆದ್ದು ಆ ಎಂಜಿನಿಯರನನ್ನು ಗಲ್ಲಿಗೇರಿಸಿದ ಅನ್ನೋ ಕತೆಯನ್ನು ನೀವೂ ಕೇಳಿರುತ್ತೀರಿ. ಆ ಕತೆಯನ್ನು ಆಟದಲ್ಲಿ ಬಳಸಿಕೊಳ್ಳಿ. ಒಂದು ಸಲ ನಾನು ಇಷ್ಟೇ ಹೇಳಿದೆ: ‘ರಾತ್ರಿ 2 ಗಂಟೆ. ಕುಂಬಾರ ಗುಡ್ಡದ ತುದಿಯಲ್ಲಿ ಒಂದು ಬ್ಯಾಟರಿ ಬೆಳಕು. ಮೂರು ಸಲ ಹತ್ತಿತು, ಆರಿತು.’

‘ಮನುಷ್ಯಾರು ಅದಾರ ಅಲ್ಲಿ,’ ಅಂದ ಒಬ್ಬ. ‘ನಮ್ಮನ್ನ ನೋಡ್ಲಿಕತ್ತಾರ,’ ಅಂದಳು ಇನ್ನೊಬ್ಬಳು. ತಿರುಗಿ ಬೆಳಕು ತೋರಿಸಬೇಕಾ, ಬೇಡವಾ? ಅರ್ಧ ತಾಸು ಜಗಳ ಆಡಿದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಆ ಅರ್ಧ ತಾಸಿನಲ್ಲಿ ಒಂದೇ ಒಂದು ಝಾಂಬಿ ಬರಲಿಲ್ಲ, ಒಬ್ಬರೂ ಮೊಬೈಲ್ ಮುಟ್ಟಲಿಲ್ಲ. ಝಾಂಬಿ ಆಟದಲ್ಲಿ ಝಾಂಬಿ ಅಂದರೆ ನಮ್ಮೂರ ಬಿಸಿಲು ಇದ್ದ ಹಾಗೆ. ಹೊರಗೆ ಇರುತ್ತದೆ, ಹೋದರೆ ಸುಡುತ್ತದೆ. ಆಟ ನಡೆಯೋದು ನೆರಳಿನಲ್ಲಿ ಕೂತ ಐದು ಜನರ ನಡುವೆ.

ಊರು ನಿಮ್ಮದೇ ಆದಾಗ ಎರಡು ಎಚ್ಚರಿಕೆ. ನಿಜವಾದ ಆಸ್ಪತ್ರೆಯನ್ನು ಕತೆಗೆ ತರಬೇಡಿ. 2020, 2021ರಲ್ಲಿ ಅಲ್ಲಿ ಯಾರನ್ನಾದರೂ ಕಳೆದುಕೊಂಡವರು ನಿಮ್ಮ ಐದು ಜನರಲ್ಲೇ ಇರಬಹುದು. ಇನ್ನೊಂದು, ರೋಗ ಯಾವ ಓಣಿಯಿಂದ ಶುರುವಾಯಿತು ಅಂತ ಎಂದಿಗೂ ಹೇಳಬೇಡಿ. ಯಾರಾದರೂ ಕೇಳಿದರೆ ‘ಗೊತ್ತಿಲ್ಲ, ರೇಡಿಯೋ ಬಂದ್ ಆಗಿದೆ’ ಅನ್ನಿ. ಆ ದಿನಗಳಲ್ಲಿ ಯಾರ್‍ಯಾರ ಮೇಲೋ ಬೆರಳು ತೋರಿಸಿದ್ದನ್ನು ನೋಡಿದ್ದೇವೆ. ಅದು ಆಟದಲ್ಲೂ ಬೇಡ.

ಈಗ ನಿಯಮ. ಲೂಡೋ ಡಬ್ಬಿಯಿಂದ ಎರಡು ದಾಳ ತೆಗೆದುಕೊಳ್ಳಿ. 20 ಮುಖದ ದಾಳ ಈ ಆಟಕ್ಕೆ ಬೇಡ. ಫಲ ಏನಾಗುತ್ತದೋ ಗೊತ್ತಿಲ್ಲ, ತಪ್ಪಿದರೆ ಅಪಾಯ ಅನ್ನೋ ಹೊತ್ತಿನಲ್ಲಿ ಮಾತ್ರ ಎರಡೂ ದಾಳ ಹಾಕಿಸಿ, ಕೂಡಿಸಿ. 10 ಅಥವಾ ಜಾಸ್ತಿ ಬಂದರೆ ಅಂದುಕೊಂಡಿದ್ದು ಆಯಿತು. 7, 8, 9 ಬಂದರೆ ಆಯಿತು, ಆದರೆ ಏನಾದರೂ ಬೆಲೆ ತೆರಬೇಕು. 6 ಅಥವಾ ಕಮ್ಮಿ ಬಂದರೆ ಕೆಟ್ಟಿತು. ಇದು ನಾನು ಕಂಡುಹಿಡಿದದ್ದಲ್ಲ. 2010ರಲ್ಲಿ ಬಂದ ಅಪೊಕ್ಯಾಲಿಪ್ಸ್ ವರ್ಲ್ಡ್ ಅನ್ನೋ ಆಟದಿಂದ ಹರಡಿದ ಪದ್ಧತಿ. ಈಗ ಎಷ್ಟೋ ಆಟಗಳು ಇದನ್ನೇ ಬಳಸುತ್ತವೆ.

ನೀವು ಎಂಜಿನಿಯರಿಂಗ್ ಓದೋರು, ಲೆಕ್ಕ ಹೇಳಿಬಿಡುತ್ತೇನೆ. ಎರಡು ದಾಳಕ್ಕೆ ಒಟ್ಟು 36 ಸಾಧ್ಯತೆ. ಏನೂ ಕೂಡಿಸದೆ ಹಾಕಿದರೆ 6 ಸಲ ಪೂರ್ತಿ ಗೆಲುವು, 15 ಸಲ ಬೆಲೆ ತೆತ್ತು ಗೆಲುವು, 15 ಸಲ ಸೋಲು. ಪಾತ್ರಕ್ಕೆ ಆ ಕೆಲಸ ಸ್ವಲ್ಪ ಗೊತ್ತಿದ್ದರೆ 1 ಕೂಡಿಸಿ. ಆಗ ಲೆಕ್ಕ 10, 16, 10 ಆಗುತ್ತದೆ. ಕಸುಬೇ ಅದಾಗಿದ್ದರೆ 2 ಕೂಡಿಸಿ: 15, 15, 6. ಗಮನಿಸಿದಿರಾ? ಮೂರರಲ್ಲಿ ಯಾವುದನ್ನು ತೆಗೆದುಕೊಂಡರೂ ನಡುವಿನ ಸಂಖ್ಯೆ ಹೆಚ್ಚು ಕಮ್ಮಿ ಅಷ್ಟೇ ಇರುತ್ತದೆ. ಅಂದರೆ ಹತ್ತು ಸಲ ದಾಳ ಹಾಕಿದರೆ ನಾಲ್ಕು ಸಲ ನೀವು ‘ಆಯಿತು, ಆದರೆ...’ ಅನ್ನಬೇಕು. ಆಟ ನಡೆಸೋರ ಕೈಚಳಕ ಇರೋದು ಆ ‘ಆದರೆ’ಯಲ್ಲಿ.

ಹೊಸದಾಗಿ ಆಟ ನಡೆಸೋರು ಇಲ್ಲಿಯೇ ಸೋಲೋದು. ‘ಆದರೆ ನಿಮಗೆ ಸ್ವಲ್ಪ ಗಾಯ ಆಯಿತು’ ಅಂದುಬಿಡುತ್ತಾರೆ. ಮೂರು ಸಲ ಗಾಯ ಆದ ಮೇಲೆ ಯಾರಿಗೂ ಅದರ ಬೆಲೆ ಇರೋದಿಲ್ಲ. ಬೆಲೆಯನ್ನು ನೀವೇ ಹೇರಬೇಡಿ, ಎರಡು ತೋರಿಸಿ ಆರಿಸಲು ಬಿಡಿ. ಅಣ್ಣ ಅಂಗಡಿಯ ಶಟರ್ ಎತ್ತುತ್ತಾನೆ, 8 ಬಿತ್ತು ಅಂದುಕೊಳ್ಳಿ. ‘ಶಟರ್ ಅರ್ಧ ಎದ್ದಿತು, ಅಲ್ಲೇ ಸಿಕ್ಕಿಕೊಂಡಿತು. ತೆವಳಿಕೊಂಡು ಒಳಗೆ ಹೋಗಬಹುದು, ಆದರೆ ಚೀಲ ಹೊರಗೇ ಬಿಡಬೇಕು. ಇಲ್ಲ, ಜಗ್ಗಿ ಪೂರ್ತಿ ಎತ್ತಬಹುದು, ಆದರೆ ಕಿರ್ರ್ ಅಂತ ಓಣಿಗೆಲ್ಲ ಕೇಳುತ್ತದೆ. ಯಾವುದು?’ ಈ ‘ಯಾವುದು?’ ಅಂದ ಕೂಡಲೇ ಪಕ್ಕದಲ್ಲಿ ಕೂತವರೂ ಮಾತಾಡುತ್ತಾರೆ. ‘ಲೇ, ಜಗ್ಗಬ್ಯಾಡಲೇ!’ ಅಂತ ಯಾರಾದರೂ ಕೂಗಿದರೆ ನಿಮ್ಮ ಆಟ ಹಳಿಗೆ ಬಂತು ಅಂತ ತಿಳಿಯಿರಿ. ಆಡೋ ಹಿಂದಿನ ದಿನ ಇಂಥ ಹತ್ತು ಬೆಲೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಶಬ್ದ, ಹೊತ್ತು, ನೀರು, ಬೆಳಕು, ಚಪ್ಪಲಿ ಕಿತ್ತಿದ್ದು, ಯಾರೋ ನೋಡಿದ್ದು, ಕೊಟ್ಟ ಮಾತು ಮುರಿದದ್ದು. ತಲೆಗೆ ಏನೂ ಹೊಳೆಯದಾಗ ಚೀಟಿ ನೋಡಿ. ನಾನು ಈಗಲೂ ನೋಡುತ್ತೇನೆ.

ಚೀಟಿ ಆದ ಮೇಲೆ ಎರಡು ಸ್ಟೀಲ್ ಬಟ್ಟಲು ತನ್ನಿ. ಬೇಸಿಗೆಯಲ್ಲಿ ಮನೆಮನೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿರುತ್ತಾರೆ, ಬೀಜಕ್ಕೇನು ಕಮ್ಮಿ? ಒಂದು ಬಟ್ಟಲು ನೀರಿನದು. ಅದರಲ್ಲಿ 12 ಬೀಜ ಹಾಕಿ. ಬೆಳಗ್ಗೆಯಿಂದ ಮಧ್ಯಾಹ್ನ ಒಂದು ಹೊತ್ತು, ಮಧ್ಯಾಹ್ನದಿಂದ ರಾತ್ರಿ ಇನ್ನೊಂದು. ಒಂದು ಹೊತ್ತಿಗೆ ಒಬ್ಬರಿಗೆ ಒಂದು ಬೀಜ. ಐದು ಜನರಿಗೆ ಎರಡು ಹೊತ್ತು ಆರಾಮಾಗಿ ಆಗುತ್ತದೆ, ಮೂರನೇ ಹೊತ್ತಿಗೆ ಮೂರು ಬೀಜ ಕಮ್ಮಿ ಬೀಳುತ್ತವೆ. ಕುಡಿಯದವರು ಮುಂದಿನ ದಾಳಕ್ಕೆಲ್ಲ 1 ಕಳೆಯಬೇಕು. ಯಾರು ಬಿಡುತ್ತಾರೆ ಅಂತ ನೀವು ಕೇಳಬೇಡಿ, ಬಟ್ಟಲನ್ನು ಅವರ ಕಡೆ ತಳ್ಳಿ ಸುಮ್ನೆ ಕೂರಿ. ನಲ್ಲಿಗೆ ನೀರು ಬರೋ ದಿನ ಕಾದು ಬಿಂದಿಗೆ ತುಂಬಿಸಿಕೊಂಡ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅಲ್ವಾ?

ಎರಡನೇ ಬಟ್ಟಲು ಶಬ್ದದ್ದು. ಅದು ಖಾಲಿ ಇರುತ್ತದೆ. ಗುಂಡು, ಕಿರುಚಾಟ, ಬೈಕ್ ಸ್ಟಾರ್ಟ್ ಮಾಡಿದ್ದು, ಗಾಜು ಒಡೆದದ್ದು, ಒಂದೊಂದಕ್ಕೂ ಒಂದು ಬೀಜ ಟಣ್ ಅಂತ ಹಾಕಿ. ಸ್ಟೀಲ್ ಬಟ್ಟಲೇ ಯಾಕೆ ಅಂದಿದ್ದು ಈಗ ಗೊತ್ತಾಯಿತಲ್ಲ. 6 ಬೀಜ ಆದ ಕೂಡಲೇ ಹಿಂಡು ಬರುತ್ತದೆ. ಹಿಂಡು ಬಂದು ಹೋದ ಮೇಲೆ ಖಾಲಿ ಮಾಡಿ ಮತ್ತೆ ಶುರು. ನಿಮ್ಮ ಅಣ್ಣನಿಗೆ ಔಷಧಿ ಇದೇ. ಅವನನ್ನು ‘ಹೊಡೀಬೇಡ’ ಅನ್ನಬೇಡಿ, ಹೊಡೆಯಲಿ. ಒಂದನ್ನು ಹೊಡೆದಾಗ ಟಣ್. ಎರಡನೆಯದಕ್ಕೆ ಟಣ್. ಐದನೇ ಬೀಜದ ಹೊತ್ತಿಗೆ ಅವನ ಕೈ ಹಿಡಿಯೋದು ನೀವಲ್ಲ, ಉಳಿದ ನಾಲ್ವರು.

ಪಾತ್ರ ಕಟ್ಟಿಸೋಕೆ ಫಾರಂ ತುಂಬಿಸಬೇಡಿ. ನಮ್ಮ ಕಡೆ ಬಯಲಾಟ ನೋಡಿದ್ದೀರಲ್ಲ? ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ‘ತಾವು ಯಾರು, ಯಾವ ಊರು, ಬಂದ ಕಾರಣವೇನು’ ಅಂತ ಕೇಳುತ್ತಾನೆ. ಪಾತ್ರ ತನ್ನ ಬಾಯಿಂದಲೇ ತನ್ನನ್ನು ಕಟ್ಟಿಕೊಳ್ಳುತ್ತದೆ. ನೀವು ಆ ಸಾರಥಿ. ಒಬ್ಬೊಬ್ಬರನ್ನೂ ಕೇಳಿ: ಹೆಸರೇನು, ಹೊಟ್ಟೆಪಾಡಿಗೆ ಏನು ಮಾಡುತ್ತೀರಿ, ಈಗ ಜೇಬಿನಲ್ಲಿ ಏನಿದೆ, ಮನೆಯಲ್ಲಿ ಯಾರು ಕಾಯುತ್ತಿದ್ದಾರೆ? ಕಸುಬಿಗೆ 2, ಇನ್ನೊಂದು ಹವ್ಯಾಸಕ್ಕೆ 1. ಮುಗಿಯಿತು. ಕಮಾಂಡೋ, ವಿಜ್ಞಾನಿ ಬೇಡ. ಸಂಡೂರು ಕಡೆ ಟಿಪ್ಪರ್ ಓಡಿಸೋನು, ಜೀನ್ಸ್ ಹೊಲಿಯೋಳು, ಮೆಡಿಕಲ್ ಶಾಪಿನ ಹುಡುಗ, ಪಿಯುಸಿ ಪರೀಕ್ಷೆ ಬರೆದು ಕೂತವನು, ಇಂಥವರು ಸಾಕು. ಮನೆಯಲ್ಲಿ ಕಾಯುತ್ತಿರೋರು ಯಾರು ಅನ್ನೋದನ್ನು ಮಾತ್ರ ಬರೆದಿಟ್ಟುಕೊಳ್ಳಿ. ಕತೆ ಎಲ್ಲಾದರೂ ನಿಂತುಹೋದರೆ ಅವರಿಂದ ಒಂದು ಮಿಸ್ಡ್ ಕಾಲ್ ಬರಲಿ.

ಅತ್ತಿಗೆ ವಿಚಾರ. ಮಾತು ಕಮ್ಮಿ ಇರೋರನ್ನು ‘ನೀವೇನು ಮಾಡುತ್ತೀರಿ?’ ಅಂತ ಕೇಳಿದರೆ ಇನ್ನೂ ಮುದುಡಿಕೊಳ್ಳುತ್ತಾರೆ. ಅವರ ಪಾತ್ರಕ್ಕೆ ಮಾತ್ರ ಗೊತ್ತಿರೋದನ್ನು ಕೇಳಿ. ಒಂದು ಸಲ ನನ್ನ ಮುಂದೆ ಇಂಥ ಒಬ್ಬ ಅಕ್ಕ ಕೂತಿದ್ದರು. ಮುಕ್ಕಾಲು ತಾಸು ತಲೆ ಅಲ್ಲಾಡಿಸಿದ್ದು ಬಿಟ್ಟರೆ ಏನೂ ಇಲ್ಲ. ಅವರ ಪಾತ್ರ ಜೀನ್ಸ್ ಹೊಲಿಯೋಳು. ನಾನು ಕೇಳಿದೆ: ‘ಅಕ್ಕಾ, ನೀವು ದಿನಾ ಕೆಲಸ ಮಾಡೋ ಜಾಗ ಇದು. ಕತ್ತಲಲ್ಲಿ ಕೈಗೆ ಮೊದಲು ಏನು ಸಿಗುತ್ತದೆ?’ ಅವರು ಸ್ವಲ್ಪ ಯೋಚಿಸಿ, ‘ಕಟಿಂಗ್ ಟೇಬಲ್ ಮ್ಯಾಲೆ ಥಾನ್ ಇರ್ತಾವ,’ ಅಂದರು. ಆಮೇಲೆ ಅವರೇ: ‘ಡೆನಿಮ್ ಎರಡು ಪದರ ಮಾಡಿ ಕೈಗೆ ಸುತ್ತಿದ್ರ ಹಲ್ಲು ಇಳಿಯಂಗಿಲ್ಲ.’ ಎಲ್ಲರೂ ಅವರ ಕಡೆ ತಿರುಗಿದರು. ಅಲ್ಲಿಂದ ಮುಂದೆ ಐದೂ ಪಾತ್ರಗಳ ಮೊಣಕೈವರೆಗೆ ಜೀನ್ಸ್. ಕೊನೆಗೆ ಗುಂಪಿನ ಯಜಮಾನಿಕೆಯೂ ಅವರದೇ. ನಾನು ಆ ಉಪಾಯ ಯೋಚಿಸಿಯೇ ಇರಲಿಲ್ಲ. ನಿಯಮದಲ್ಲಿ ಇಲ್ಲ ಅಂತ ಬೇಡ ಅನ್ನಲೂ ಇಲ್ಲ. ಕಚ್ಚೋದನ್ನು ಒಂದು ಸಲ ತಡೆಯುತ್ತದೆ, ಆಮೇಲೆ ಹರಿಯುತ್ತದೆ ಅಂದೆ.

ಶುರು ಎಲ್ಲಿಂದ ಅಂದಿರಿ. ಆ ಜೀನ್ಸ್ ಯೂನಿಟ್‌ನಿಂದಲೇ ಮಾಡಿ. ಎಲ್ಲರೂ ಏನೋ ಒಂದು ಕಾರಣಕ್ಕೆ ಅಲ್ಲಿದ್ದಾರೆ. ರೋಗ, ಸರ್ಕಾರ, ಟಿವಿ ಸುದ್ದಿ ಏನೂ ಹೇಳಬೇಡಿ. ಹೀಗೆ ಹೇಳಿ: ‘ಮೇ ತಿಂಗಳು, ಮಧ್ಯಾಹ್ನ 2 ಗಂಟೆ. 20 ಮಷೀನ್ ಒಟ್ಟಿಗೆ ಓಡುತ್ತಿವೆ, ಪಕ್ಕದವರ ಮಾತೂ ಕೇಳಿಸುತ್ತಿಲ್ಲ. ಕರೆಂಟ್ ಹೋಯಿತು. ಮಷೀನ್ ನಿಂತವು. ಫ್ಯಾನ್ ನಿಧಾನಕ್ಕೆ ನಿಂತಿತು. ಹೊರಗೆ ಯಾರೋ ಶಟರ್ ಕೆರೆಯುತ್ತಿದ್ದಾರೆ. ಬಡಿಯುತ್ತಿಲ್ಲ, ಕೆರೆಯುತ್ತಿದ್ದಾರೆ. ಏನು ಮಾಡುತ್ತೀರಿ?’ ಇಷ್ಟು ಹೇಳಿ ನಿಲ್ಲಿಸಿ. ಮೌನ ಆದರೆ ಹೆದರಿ ಮಾತು ತುಂಬಬೇಡಿ. ಹತ್ತು ಎಣಿಸಿ, ಯಾರಾದರೂ ಬಾಯಿ ಬಿಡುತ್ತಾರೆ.

ನಿಮಗೆ ಮಾತ್ರ ಗೊತ್ತಿರಬೇಕಾದ ಮೂರು ಉತ್ತರ ಮೊದಲೇ ತೀರ್ಮಾನಿಸಿಕೊಳ್ಳಿ: ಝಾಂಬಿಗಳು ಯಾವುದಕ್ಕೆ ಬರುತ್ತವೆ, ಹೇಗೆ ನಿಲ್ಲುತ್ತವೆ, ಕಚ್ಚಿಸಿಕೊಂಡವರಿಗೆ ಎಷ್ಟು ಹೊತ್ತು ಇದೆ. ನನ್ನ ಆಟದಲ್ಲಿ ಶಬ್ದಕ್ಕೆ ಬರುತ್ತವೆ, ತಲೆಗೆ ಪೆಟ್ಟು ಬಿದ್ದರೆ ನಿಲ್ಲುತ್ತವೆ, ಕಚ್ಚಿದರೆ ಒಂದು ಹೊತ್ತು. ನಿಧಾನಕ್ಕೆ ನಡೆಯುತ್ತವೆ. ಓಡೋ ಝಾಂಬಿ ಹೊಸಬರಿಗೆ ಬೇಡ, ಯೋಚನೆ ಮಾಡೋಕೆ ಪುರುಸೊತ್ತೇ ಸಿಗೋದಿಲ್ಲ. ‘ಝಾಂಬಿ’ ಅನ್ನೋ ಮಾತೂ ಬಾಯಲ್ಲಿ ಬರಬಾರದು. ಆ ಮಾತು ಹೈಟಿ ದೇಶದ ನಂಬಿಕೆಯಿಂದ ಬಂದದ್ದು. ಅಲ್ಲಿ ಅದು ಯಾರನ್ನೂ ತಿನ್ನೋದಿಲ್ಲ, ಮಾಟ ಮಾಡಿದವನ ಆಳಾಗಿ ದುಡಿಯೋ ಹೆಣ. ಮನುಷ್ಯರನ್ನು ತಿನ್ನೋ ಹೆಣಗಳ ಹಿಂಡು 1968ರ ಒಂದು ಅಮೆರಿಕನ್ ಸಿನಿಮಾದಿಂದ ಜನಪ್ರಿಯ ಆಯಿತು. ಕೌಲ್ ಬಜಾರಿನಲ್ಲಿ ಯಾರಾದರೂ ನೋಡಿದರೆ ಏನಂತಾರೆ? ಆಡೋರೇ ಹೆಸರಿಡಲಿ. ನಮ್ಮ ಗುಂಪಿನಲ್ಲಿ ಒಬ್ಬಳು ‘ಎದ್ದೋರು’ ಅಂದಳು. ಅದೇ ಉಳಿಯಿತು.

ಒಟ್ಟು ಮೂರು ತಾಸು ಸಾಕು, ನಡುವೆ ಚಹಾ. ಎಲ್ಲರಿಗೂ ರುಚಿ ಹತ್ತಿ ಎರಡನೇ ದಿನವೂ ಆಡೋಣ ಅಂದರೆ ತುಂಗಭದ್ರಾ ಡ್ಯಾಮಿಗೆ ಕಳಿಸಿ. ಬಳ್ಳಾರಿಗೆ ಕುಡಿಯೋ ನೀರು ಬರೋದೇ ಅದರ ಕಾಲುವೆಯಿಂದ. 33 ಗೇಟು ಇವೆ. 2024ರ ಆಗಸ್ಟ್‌ನಲ್ಲಿ ಚೈನ್ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತಲ್ಲ, ಎಂಜಿನಿಯರುಗಳು, ಕ್ರೇನು ಎಲ್ಲ ಇದ್ದೂ ನೀರು ನಿಲ್ಲಿಸಲು ಸುಮಾರು ಒಂದು ವಾರ ಹಿಡಿಯಿತು. ನೋಡಿಕೊಳ್ಳೋರೇ ಇಲ್ಲದ ಡ್ಯಾಮು, ಮುಂದೆ ಮಳೆಗಾಲ. ಇದಕ್ಕಿಂತ ಜಾಸ್ತಿ ನಾನು ಹೇಳೋದಿಲ್ಲ, ಸೋದರಮಾವನ ಮಕ್ಕಳೇ ಕತೆ ಮುಂದುವರಿಸುತ್ತಾರೆ. ಸಿರುಗುಪ್ಪದ ಭತ್ತದ ಗದ್ದೆ ನೋಡಿಕೊಂಡು ಬೆಳೆದವರಿಗೆ ಕಾಲುವೆ ನೀರಿನ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಆ ಹುಡುಗ. ಆಟ ಶುರುವಾಗೋ ಮೊದಲೇ ಎಲ್ಲರನ್ನೂ ಕೇಳಿ: ಈ ಕತೆಯಲ್ಲಿ ಏನು ಬೇಡ? ಮಕ್ಕಳಿಗೆ ಏನೂ ಆಗಬಾರದು, ನಾಯಿ ಸಾಯಬಾರದು, ರಕ್ತದ ವರ್ಣನೆ ಬೇಡ, ಯಾರು ಏನು ಹೇಳಿದರೂ ಕಾರಣ ಕೇಳದೆ ಒಪ್ಪಿಕೊಳ್ಳಿ. ಆಮೇಲೆ ಒಂದು ಕಾಗದದ ಮೇಲೆ ದೊಡ್ಡದಾಗಿ ಗುಣಾಕಾರದ ಗುರುತು ಹಾಕಿ ನಡುವೆ ಇಡಿ. ಆಟದ ಮಧ್ಯೆ ಯಾರಿಗಾದರೂ ಹೊಟ್ಟೆಯಲ್ಲಿ ಕಸಿವಿಸಿ ಆದರೆ ಅದನ್ನು ಮುಟ್ಟಿದರೆ ಸಾಕು. ಅಲ್ಲಿಗೇ ಬಿಟ್ಟು ಮುಂದಕ್ಕೆ ಹೋಗೋದು, ಯಾಕೆ ಅಂತ ಕೇಳೋ ಹಾಗಿಲ್ಲ. ಎಕ್ಸ್ ಕಾರ್ಡ್ ಅಂತಾರೆ ಇದಕ್ಕೆ. ಮೊದಲ ಸಲ ನೀವೇ ಸುಮ್ನೆ ಮುಟ್ಟಿ ತೋರಿಸಿ. ಇಲ್ಲದಿದ್ದರೆ ಅತ್ತಿಗೆಯಂಥವರು ಸಂಕೋಚದಿಂದ ಕೈ ಚಾಚೋದೇ ಇಲ್ಲ.

ದಾಳ ಕೆಟ್ಟು ಬಿತ್ತು ಅಂತ ಪಾತ್ರವನ್ನು ತಟ್ಟನೆ ಸಾಯಿಸಬೇಡಿ. ಕಚ್ಚಿತು ಅನ್ನಿ. ಒಂದು ಹೊತ್ತು ಇದೆ. ಆ ಹೊತ್ತಿನಲ್ಲಿ ಅವನು ಮಾಡೋ ಒಂದು ದೊಡ್ಡ ಕೆಲಸಕ್ಕೆ ದಾಳ ಬೇಡ, ಅದು ಆಗೇ ಆಗುತ್ತದೆ. ಇನ್ನೊಬ್ಬ ಪಾತ್ರವನ್ನು ಮೊದಲೇ ಮಾಡಿಸಿಟ್ಟಿರಿ, ಪಕ್ಕದ ಮನೆಯ ಮಾಳಿಗೆ ಮೇಲೆ ಸಿಕ್ಕಿಹಾಕಿಕೊಂಡೋನು ಅಂತ. ಹೋದ ವರ್ಷ ನಮ್ಮ ಗುಂಪಿನಲ್ಲೂ ಹೆಚ್ಚು ಕಮ್ಮಿ ಅದೇ ವಯಸ್ಸಿನ ಹುಡುಗ ಇದ್ದ. ಅವನ ಪಾತ್ರಕ್ಕೆ ಕೋಟೆ ದಾರಿಯಲ್ಲಿ ಕಚ್ಚಿತು. ಅವನು ಟಿಪ್ಪರ್ ಹಾರನ್ ಒತ್ತಿಕೊಂಡು ಹಿಂಡನ್ನೆಲ್ಲ ತನ್ನ ಹಿಂದೆ ಎಳೆದುಕೊಂಡು ಹೋದ, ಉಳಿದವರು ಗುಡ್ಡ ಹತ್ತಿದರು. ಅವನ ಅಮ್ಮ ನನ್ನ ಮುಖ ನೋಡಿದರು. ಅವನು ಅಳುತ್ತಾನೇನೋ ಅಂತ ನನಗೂ ಭಯ. ಅವನು ದಾಳ ಕೆಳಗಿಟ್ಟು ಕೇಳಿದ: ‘ಅಂಕಲ್, ನಾನು ಈಗ ಎದ್ದೋನಲ್ಲ? ನನ್ನ ನಾನಽ ಆಡಸ್ಲಾ?’ ಆಡಿಸಿದ. ಕುಂಬಾರ ಗುಡ್ಡದ ಬುಡದವರೆಗೂ ಸ್ವಂತ ಅಮ್ಮನನ್ನೇ ಅಟ್ಟಿಸಿಕೊಂಡು ಹೋದ. ಹೊಸ ಪಾತ್ರದ ಚೀಟಿ ಮಡಚಿದಂತೆಯೇ ಉಳಿಯಿತು.